ಗಂಡನೋ ಹೆಂಡತಿಯೋ ಬ್ರಿಟನ್ನಿಗೆ ಹೋಗಬೇಕು, ದುಡ್ಡು ಎಷ್ಟು ತೋರಿಸಬೇಕು? ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಂಗಿಯ ಮದುವೆಯಾದಾಗ ಅವಳ ಗಂಡ ಲೆಸ್ಟರ್‌ನಲ್ಲಿದ್ದ, ಅವಳು ನಮ್ಮ ಜೊತೆ ಬಸವನಗುಡಿಯಲ್ಲಿ. ಅವನು ಬ್ರಿಟಿಷ್ ಪ್ರಜೆ. ಅವಳ ಸ್ಪೌಸ್ ವೀಸಾಗೆ ಬೇಕಾದ ಕಾಗದಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸಿದವಳು ನಾನು. ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಮದುವೆ ಮನೆಗಳಲ್ಲಿ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಅದೇ ಪ್ರಶ್ನೆಗಳು ಬರತೊಡಗಿದವು. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲೆ ಅಲ್ಲ, ಕೇಸು ಗೋಜಲಾಗಿದ್ದರೆ ಅಲ್ಲಿನ ಇಮಿಗ್ರೇಷನ್ ವಕೀಲರನ್ನೇ ಕೇಳಿ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಎರಡು ಮನೆ, ಮೂರು ಸೈಟು ಇರುವ ಕುಟುಂಬದ ಅರ್ಜಿ ತಿರಸ್ಕಾರವಾಗಿದ್ದನ್ನು ನೋಡಿದ್ದೇನೆ. ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಮಾಡುವ ಹುಡುಗನ ಅರ್ಜಿ ಒಂದೇ ಸಲಕ್ಕೆ ಪಾಸಾಗಿದ್ದನ್ನೂ ನೋಡಿದ್ದೇನೆ. ದುಡ್ಡು ಯಾರ ಹೆಸರಲ್ಲಿದೆ, ಎಷ್ಟು ತಿಂಗಳಿಂದ ಇದೆ, ಕಾಗದದಲ್ಲಿ ಕಾಣುತ್ತದಾ ಅನ್ನುವುದನ್ನು ವೀಸಾ ಅಧಿಕಾರಿಗಳು ನೋಡುತ್ತಾರೆ. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

## ಮೊದಲಿಗೆ

ಅಕ್ಕಾ, ಒಟ್ಟು ಎಷ್ಟು ತೋರಿಸ್ಬೇಕು? ಒಂದೇ ಮಾತಲ್ಲಿ ಹೇಳಿ.

ವರ್ಷಕ್ಕೆ 29,000 ಪೌಂಡ್. ಇದು ತೆರಿಗೆ ಕಳೆಯುವ ಮುಂಚಿನ ಆದಾಯ. ಲೆಕ್ಕ ಸುಲಭವಾಗಲಿ ಅಂತ ಈ ಬರಹದ ಉದ್ದಕ್ಕೂ ಒಂದು ಪೌಂಡಿಗೆ 120 ರೂಪಾಯಿ ಅಂತ ಹಿಡಿದಿದ್ದೇನೆ. ಆ ಲೆಕ್ಕದಲ್ಲಿ ಇದು 34 ಲಕ್ಷ 80 ಸಾವಿರ ರೂಪಾಯಿ.

ಈ ಮೊತ್ತ 2024ರ ಏಪ್ರಿಲ್ 11ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆ, 2012ರ ಜುಲೈನಿಂದ, 18,600 ಪೌಂಡ್ ಇತ್ತು. ಅದನ್ನು ಹಂತ ಹಂತವಾಗಿ 38,700ಕ್ಕೆ ಏರಿಸುತ್ತೇವೆ ಅಂತ ಹಿಂದಿನ ಸರಕಾರ ಹೇಳಿತ್ತು, ಹಾಗಾಗಿ ಹಳೆಯ ವೀಡಿಯೊಗಳಲ್ಲಿ ಆ ದೊಡ್ಡ ಸಂಖ್ಯೆ ನೋಡಿ ಹೆದರಿದವರು ತುಂಬ ಜನ. 2024ರಲ್ಲಿ ಬಂದ ಹೊಸ ಸರಕಾರ ಆ ಏರಿಕೆಯನ್ನು ತಡೆಹಿಡಿದು, ವಲಸೆ ಸಲಹಾ ಸಮಿತಿಗೆ ಪರಿಶೀಲಿಸಲು ಹೇಳಿತು. ಸಮಿತಿಯ ವರದಿ 2025ರ ಜೂನ್‌ನಲ್ಲಿ ಬಂತು. ಅರ್ಜಿ ಹಾಕುವ ದಿನ ಬ್ರಿಟಿಷ್ ಸರಕಾರದ ಜಾಲತಾಣದಲ್ಲಿ ಮೊತ್ತವನ್ನು ಇನ್ನೊಂದು ಸಲ ನೋಡಿಕೊಳ್ಳಿ, ಯಾರೋ ಹೇಳಿದರು ಅಂತ ನಂಬಬೇಡಿ. ನಾನು ಹೇಳಿದ್ದನ್ನೂ ಸೇರಿಸಿ.

ನಮ್ಮ ಮಗ ಅಲ್ಲಿ ವರ್ಕ್ ವೀಸಾದಲ್ಲಿ ಇದ್ದಾನೆ. ಸೊಸೆನ ಕರೆಸ್ಕೊಳ್ಳೋಕೆ ಅವನಿಗೂ 29,000 ಬೇಕಾ?

ಬೇಡ. ಇಲ್ಲೇ ಅರ್ಧ ಜನ ಎಡವುವುದು. 29,000ದ ನಿಯಮ ಬ್ರಿಟಿಷ್ ಅಥವಾ ಐರಿಷ್ ಪ್ರಜೆಗಳ, ಐಎಲ್‌ಆರ್ ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿ ಸಿಕ್ಕವರ, ಮತ್ತೆ ಇನ್ನು ಕೆಲವೇ ಬಗೆಯವರ ಸಂಗಾತಿಗಳಿಗೆ. ನಿಮ್ಮ ಮಗ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದರೆ ಸಾಮಾನ್ಯವಾಗಿ ಸೊಸೆ ಡಿಪೆಂಡೆಂಟ್, ಅಂದರೆ ಅವನ ಅವಲಂಬಿತೆ ಆಗಿ ಹೋಗುತ್ತಾಳೆ. ಆಗ ತೋರಿಸಬೇಕಾದ್ದು 285 ಪೌಂಡ್ ಅಷ್ಟೇ, ಅದು ಬ್ಯಾಂಕಿನಲ್ಲಿ 28 ದಿನ ಇದ್ದಿರಬೇಕು. ಮೊದಲ ಮಗುವಿಗೆ 315, ಆಮೇಲಿನ ಪ್ರತಿ ಮಗುವಿಗೆ 200. ಕಂಪನಿಯವರೇ ಜವಾಬ್ದಾರಿ ಬರೆದುಕೊಟ್ಟರೆ ಅದೂ ಬೇಕಾಗುವುದಿಲ್ಲ.

ಕೇರ್ ವರ್ಕರ್ ಕೆಲಸಕ್ಕೆ 2024ರ ಮಾರ್ಚ್ 11ರ ನಂತರ ಹೋದವರು ಕುಟುಂಬವನ್ನು ಕರೆಸಿಕೊಳ್ಳುವ ಹಾಗಿಲ್ಲ. ಮಾಸ್ಟರ್ಸ್ ಓದಲು ಹೋದ ಬಹುತೇಕರಿಗೂ 2024ರ ಜನವರಿಯಿಂದ ಆ ಬಾಗಿಲು ಮುಚ್ಚಿದೆ. ಹುಡುಗ ಅಲ್ಲಿ ಓದುತ್ತಿದ್ದಾನೆ ಅಂತ ಸಂಬಂಧ ನೋಡುವ ಮನೆಯವರು ಇದನ್ನು ನಿಶ್ಚಿತಾರ್ಥಕ್ಕೆ ಮುಂಚೆಯೇ ಕೇಳಿಕೊಳ್ಳಬೇಕು.

ನಾನು ಇಲ್ಲಿ ಐಟಿಯಲ್ಲಿ ಒಳ್ಳೆ ಕೆಲಸದಲ್ಲಿದ್ದೀನಿ, ಅವರಿಗಿಂತ ನನಗೇ ಸಂಬಳ ಜಾಸ್ತಿ. ಅದನ್ನ ಸೇರಿಸ್ಕೊಳ್ಳಲ್ವಾ?

ಇಲ್ಲ. ಈ ಉತ್ತರ ಹೇಳುವಾಗ ನನಗೆ ಪ್ರತಿ ಸಲವೂ ಬೇಜಾರಾಗುತ್ತದೆ. ಮಾನ್ಯತಾದಲ್ಲೋ ವೈಟ್‌ಫೀಲ್ಡ್‌ನಲ್ಲೋ ವರ್ಷಕ್ಕೆ 40 ಲಕ್ಷ ದುಡಿಯುವ ಹುಡುಗಿಯ ಸಂಬಳ ಮೊದಲ ಅರ್ಜಿಯಲ್ಲಿ ಸೊನ್ನೆ. ಆ ಕೆಲಸ ಬಿಟ್ಟು ಬರುತ್ತೀರಲ್ಲ, ಆದಾಯ ನಿಲ್ಲುತ್ತದೆ ಅನ್ನುವುದು ಅವರ ವಾದ. ಅಲ್ಲಿಗೆ ಹೋದಮೇಲೂ ಇದೇ ಕೆಲಸವನ್ನು ಆನ್‌ಲೈನ್‌ನಲ್ಲಿ ಮುಂದುವರಿಸುತ್ತೇನೆ ಅಂದರೂ ಒಪ್ಪುವುದಿಲ್ಲ.

ಆದರೆ ನಿಮ್ಮ ಉಳಿತಾಯ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹೆಸರಿನ ಮನೆಯ ಬಾಡಿಗೆ ಬರುತ್ತದೆ. ಬಡ್ಡಿ, ಷೇರುಗಳ ಡಿವಿಡೆಂಡ್, ಪಿಂಚಣಿ ಬರುತ್ತವೆ. ಅಂದರೆ ನೀವು ಕೂಡಿಟ್ಟಿದ್ದಕ್ಕೆ ಬೆಲೆ ಇದೆ, ದುಡಿಯುತ್ತಿರುವುದಕ್ಕೆ ಇಲ್ಲ. ಮದುವೆ ಗೊತ್ತಾದ ದಿನದಿಂದಲೇ ಸಂಬಳದಲ್ಲಿ ಉಳಿದಿದ್ದನ್ನು ನಿಮ್ಮ ಒಬ್ಬರ ಹೆಸರಿನ ಖಾತೆಯಲ್ಲಿ ಸೇರಿಸುತ್ತ ಹೋಗಿ.

ಮಾವನವರು ಸ್ಥಿತಿವಂತರು. ಖರ್ಚೆಲ್ಲ ನಾನೇ ನೋಡ್ಕೋತೀನಿ ಅಂತ ಅಫಿಡವಿಟ್ ಕೊಡ್ತಾರಂತೆ. ಸಾಕಲ್ವಾ?

ಸಾಕಾಗುವುದಿಲ್ಲ. ಮೂರನೆಯವರ ಭರವಸೆ ಈ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟು ಬೆಲೆಯ ಛಾಪಾ ಕಾಗದದಲ್ಲಿ ಬರೆಸಿದರೂ ಅಷ್ಟೇ. ನಮ್ಮಲ್ಲಿ ಮಾವ ಮೂರನೆಯವರು ಹೇಗಾಗುತ್ತಾರೆ ಅಂತ ಅನ್ನಿಸುತ್ತದೆ, ಅಲ್ವಾ? ಅವರ ನಿಯಮದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮಕ್ಕಳು. ಮಾವನವರಿಗೆ ಸಹಾಯ ಮಾಡುವ ಮನಸ್ಸಿದ್ದರೆ ಹಣವನ್ನೇ ನಿಮ್ಮ ಖಾತೆಗೆ ಉಡುಗೊರೆಯಾಗಿ ಹಾಕಲಿ. ಅದರ ನಿಯಮ ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಇಬ್ಬರು ಮಕ್ಕಳಿದ್ದಾರೆ, ಅವರಿಗೆ ಬೇರೆ ಸೇರಿಸ್ಬೇಕಾ?

ಈಗ ಬೇಡ. ಹಳೆಯ 18,600ರ ಕಾಲದಲ್ಲಿ ಮೊದಲ ಮಗುವಿಗೆ 3,800, ಆಮೇಲಿನ ಪ್ರತಿ ಮಗುವಿಗೆ 2,400 ಪೌಂಡ್ ಸೇರುತ್ತಿತ್ತು. 29,000 ಆದಮೇಲೆ ಮಕ್ಕಳ ಲೆಕ್ಕ ತೆಗೆದುಹಾಕಿದರು.

ತೋರಿಸೋ ದುಡ್ಡು ಬಿಡಿ, ಕಟ್ಟೋ ದುಡ್ಡು ಎಷ್ಟು?

ಇದನ್ನು ಮರೆತು ಆಮೇಲೆ ಕೈಸಾಲ ಮಾಡಿದವರಿದ್ದಾರೆ. ಭಾರತದಿಂದ ಹಾಕುವ ಅರ್ಜಿಯ ಶುಲ್ಕ 2025ರ ಏಪ್ರಿಲ್ 9ರಿಂದ 1,938 ಪೌಂಡ್ ಆಯಿತು. ಅದರ ಮೇಲೆ ಆರೋಗ್ಯ ಸರ್‌ಚಾರ್ಜ್, ಅಂದರೆ ಅಲ್ಲಿನ ಸರಕಾರಿ ಆರೋಗ್ಯ ಸೇವೆಗೆ ಮುಂಚೆಯೇ ಕಟ್ಟುವ ಹಣ, ವರ್ಷಕ್ಕೆ 1,035. ಮೊದಲ ವೀಸಾ 33 ತಿಂಗಳದ್ದು, ಆದರೆ ಮೂರು ವರ್ಷದ್ದನ್ನೇ ಕಟ್ಟಿಸಿಕೊಳ್ಳುತ್ತಾರೆ, ಅದು 3,105. 2025ರ ಆ ಶುಲ್ಕದ ಲೆಕ್ಕದಲ್ಲಿ ಎರಡೂ ಸೇರಿ 5,043 ಪೌಂಡ್. ನಮ್ಮ 120ರ ಲೆಕ್ಕದಲ್ಲಿ ಆರು ಲಕ್ಷ ದಾಟುತ್ತದೆ. ಕ್ಷಯ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ, ಅನುವಾದದ ಖರ್ಚು ಬೇರೆ.

ಉಳಿತಾಯ ತೋರಿಸಿ ಅರ್ಜಿ ಹಾಕುವವರು ಜಾಗ್ರತೆ. ಈ ಆರು ಲಕ್ಷವನ್ನು ಆ ಉಳಿತಾಯದಿಂದಲೇ ತೆಗೆದು ಕಟ್ಟಿದರೆ ಅಷ್ಟು ಕಡಿಮೆಯಾಗಿಬಿಡುತ್ತದೆ. ಬೇರೆ ಖಾತೆಯಿಂದ ಕಟ್ಟಿ.

## ಅಲ್ಲಿನ ಸಂಬಳ

ನಮ್ಮನೆಯವರು ಹೊಸ ಕಂಪನಿ ಸೇರಿ ಮೂರು ತಿಂಗಳಾಯ್ತು. ಈಗಲೇ ಅರ್ಜಿ ಹಾಕ್ಬಹುದಾ?

ಹಾಕಬಹುದು, ಆದರೆ ದಾರಿ ಬೇರೆ. ಒಂದೇ ಕಡೆ ಆರು ತಿಂಗಳು ಕೆಲಸ ಮಾಡಿದ್ದರೆ ಅದನ್ನು ಕೆಟಗರಿ ಎ ಅನ್ನುತ್ತಾರೆ. ಆರು ತಿಂಗಳ ಪೇಸ್ಲಿಪ್ ಕೊಟ್ಟರೆ ಆಯಿತು. ಆರು ತಿಂಗಳಾಗಿಲ್ಲದಿದ್ದರೆ, ಅಥವಾ ಸಂಬಳ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತಿದ್ದರೆ ಕೆಟಗರಿ ಬಿ. ಅದರಲ್ಲಿ ಎರಡು ಪರೀಕ್ಷೆ ಪಾಸಾಗಬೇಕು: ಈಗಿನ ಕೆಲಸದ ವರ್ಷದ ಸಂಬಳ 29,000 ಮುಟ್ಟಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ನಿಜವಾಗಿ ಕೈಗೆ ಬಂದಿದ್ದೂ ಒಟ್ಟು 29,000 ಆಗಿರಬೇಕು. ಮಧ್ಯೆ ಮೂರು ತಿಂಗಳು ಕೆಲಸವಿಲ್ಲದೆ ಕೂತಿದ್ದರೆ ಎರಡನೆಯದರಲ್ಲಿ ಸಿಕ್ಕಿಬೀಳುತ್ತೀರಿ.

ನನ್ನನ್ನು ಕೇಳಿದರೆ, ಇನ್ನು ಎರಡು ಮೂರು ತಿಂಗಳಲ್ಲಿ ಆರು ತಿಂಗಳು ತುಂಬುವುದಿದ್ದರೆ ಕಾಯುವುದೇ ಒಳ್ಳೆಯದು. ದೂರ ಇದ್ದು ಕಾಯುವುದು ಕಷ್ಟ, ಗೊತ್ತು. ತಿರಸ್ಕಾರವಾದರೆ ಕಾಯುವುದು ಇನ್ನೂ ಜಾಸ್ತಿ.

ಮೊದಲು 28,000 ಇತ್ತು, ಹೋದ ತಿಂಗಳು 31,000 ಮಾಡಿದ್ರು. ಈಗ ಪಾಸಾ?

ಕೆಟಗರಿ ಎಯಲ್ಲಿ ಇಲ್ಲ. ಆರು ತಿಂಗಳಲ್ಲಿ ಅತಿ ಕಡಿಮೆ ಇದ್ದ ಸಂಬಳವನ್ನು ಹಿಡಿಯುತ್ತಾರೆ, ಸರಾಸರಿಯನ್ನಲ್ಲ. ಹೊಸ ಸಂಬಳದಲ್ಲಿ ಆರು ತಿಂಗಳು ಕಳೆಯಲಿ, ಇಲ್ಲವೇ ಕೊರತೆಯಿರುವ ಸಾವಿರ ಪೌಂಡಿಗೆ ಉಳಿತಾಯವೋ ಬಾಡಿಗೆಯೋ ಸೇರಿಸಿ.

ಸಂಬಳಕ್ಕೆ ಯಾವ್ಯಾವ ಕಾಗದ ಬೇಕು?

ಆರು ತಿಂಗಳ ಪೇಸ್ಲಿಪ್. ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಅದರಲ್ಲಿ ಪ್ರತಿ ತಿಂಗಳ ಸಂಬಳ ಬಂದು ಬಿದ್ದಿದ್ದು ಕಾಣಬೇಕು. ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ: ಯಾವಾಗಿನಿಂದ ಕೆಲಸ, ಕಾಯಮ್ಮೋ ಗುತ್ತಿಗೆಯೋ, ವರ್ಷದ ಸಂಬಳ ಎಷ್ಟು, ಆ ಸಂಬಳ ಯಾವಾಗಿನಿಂದ ಅಂತ. ಪೇಸ್ಲಿಪ್ಪಿನ ನಿವ್ವಳ ಮೊತ್ತವೂ ಬ್ಯಾಂಕಿಗೆ ಬಂದ ಮೊತ್ತವೂ ಪೆನ್ಸ್ ಸಮೇತ ತಾಳೆಯಾಗಬೇಕು. ಅಂಗಡಿ, ಹೋಟೆಲಿನಲ್ಲಿ ಸ್ವಲ್ಪ ಸಂಬಳ ನಗದಾಗಿ ಪಡೆಯುವವರು ಅದನ್ನು ಇವತ್ತೇ ಬ್ಯಾಂಕಿಗೆ ಬದಲಾಯಿಸಿಕೊಳ್ಳಿ.

ಕೊನೆಯ ಕಾಗದದ ತಾರೀಖಿನಿಂದ 28 ದಿನದೊಳಗೆ ಅರ್ಜಿ ಹೋಗಬೇಕು. ಹಾಗಾಗಿ ಎಲ್ಲ ಕಾಗದಗಳನ್ನೂ ಒಂದೇ ವಾರದಲ್ಲಿ ತೆಗೆಸುವ ಹಾಗೆ ಮುಂಚೆಯೇ ಯೋಚಿಸಿಕೊಳ್ಳಿ. ಜನವರಿಯಲ್ಲಿ ಒಂದು, ಮಾರ್ಚ್‌ನಲ್ಲಿ ಇನ್ನೊಂದು ತೆಗೆಸಿದರೆ ಮೊದಲಿನದು ಹಳತಾಗಿರುತ್ತದೆ.

ಅವರದ್ದು ಸ್ವಂತ ಕಂಪನಿ, ಅದರ ಮೂಲಕ ಐಟಿ ಕಾಂಟ್ರಾಕ್ಟ್ ಮಾಡ್ತಾರೆ. ಕಂಪನಿ ಖಾತೇಲಿ ದುಡ್ಡಿದೆ.

ಕಂಪನಿಯ ದುಡ್ಡು ಅವರ ದುಡ್ಡಲ್ಲ. ಅವರು ತೆಗೆದುಕೊಂಡ ಸಂಬಳ ಮತ್ತು ಡಿವಿಡೆಂಡ್ ಮಾತ್ರ ಲೆಕ್ಕಕ್ಕೆ. ತೆರಿಗೆ ಉಳಿಸಲು ಕಡಿಮೆ ಸಂಬಳ ತೆಗೆದುಕೊಂಡು ಉಳಿದಿದ್ದನ್ನು ಕಂಪನಿಯಲ್ಲೇ ಬಿಡುವ ಅಭ್ಯಾಸ ತುಂಬ ಜನಕ್ಕಿದೆ, ಅದು ಇಲ್ಲಿ ತೊಂದರೆ ಕೊಡುತ್ತದೆ. ಇಂಥವರಿಗೂ ಸ್ವಯಂ ಉದ್ಯೋಗಿಗಳಿಗೂ ಹಿಂದಿನ ಪೂರ್ತಿ ಹಣಕಾಸು ವರ್ಷವನ್ನು ನೋಡುತ್ತಾರೆ, ಬೇಕಿದ್ದರೆ ಹಿಂದಿನ ಎರಡು ವರ್ಷದ ಸರಾಸರಿ. ಇನ್ನೊಂದು ಕಟ್ಟುನಿಟ್ಟು ಏನೆಂದರೆ ಈ ದಾರಿಯಲ್ಲಿ ಕೊರತೆಯನ್ನು ಉಳಿತಾಯದಿಂದ ತುಂಬುವ ಹಾಗಿಲ್ಲ. ಹಾಗಾಗಿ ಮದುವೆಗೆ ಒಂದು ವರ್ಷ ಮುಂಚೆಯೇ ಅಕೌಂಟೆಂಟ್ ಜೊತೆ ಕೂತು ಮಾತಾಡಬೇಕು.

## ಬೆಂಗಳೂರಿನ ದುಡ್ಡು, ಬೆಂಗಳೂರಿನ ಆಸ್ತಿ

ಸಂಬಳ ಸ್ವಲ್ಪ ಕಡಿಮೆ ಬೀಳುತ್ತೆ. ಉಳಿತಾಯ ಸೇರಿಸಿದ್ರೆ ಎಷ್ಟಿರಬೇಕು?

ಸೂತ್ರ ಇದು: ಕೊರತೆಯನ್ನು ಎರಡೂವರೆಯಿಂದ ಗುಣಿಸಿ, ಅದಕ್ಕೆ 16,000 ಪೌಂಡ್ ಕೂಡಿಸಿ. ಮೊದಲ 16,000 ಬರೀ ಮೆಟ್ಟಿಲು, ಅದರಿಂದ ಒಂದು ಪೌಂಡಿನ ಕೊರತೆಯೂ ತುಂಬುವುದಿಲ್ಲ.

ಗಂಡನ ಸಂಬಳ 24,000 ಅಂತ ಇಟ್ಟುಕೊಳ್ಳಿ. ಕೊರತೆ 5,000. ಎರಡೂವರೆ ಪಟ್ಟು 12,500, ಜೊತೆಗೆ 16,000, ಒಟ್ಟು 28,500 ಪೌಂಡ್. ನಮ್ಮ ಲೆಕ್ಕದಲ್ಲಿ 34 ಲಕ್ಷ 20 ಸಾವಿರ. ಅವನಿಗೆ ಕೆಲಸವೇ ಇಲ್ಲದಿದ್ದರೆ 88,500 ಪೌಂಡ್, ಅಂದರೆ 1 ಕೋಟಿ 6 ಲಕ್ಷ.

ಈಗ 24,000 ಸಂಬಳದ ಆ ಗಂಡನ ಹೆಂಡತಿಯ ಹೆಸರಲ್ಲಿ ಕೆಂಗೇರಿ ಕಡೆ ಒಂದು ಫ್ಲ್ಯಾಟ್ ಇದೆ, ತಿಂಗಳಿಗೆ 24,000 ರೂಪಾಯಿ ಬಾಡಿಗೆ ಬರುತ್ತದೆ ಅನ್ನಿ. ವರ್ಷಕ್ಕೆ 2 ಲಕ್ಷ 88 ಸಾವಿರ, 2,400 ಪೌಂಡ್. ಕೊರತೆ 2,600ಕ್ಕೆ ಇಳಿಯಿತು. ಬೇಕಾದ ಉಳಿತಾಯ 22,500 ಪೌಂಡ್. ಸಣ್ಣ ಬಾಡಿಗೆಯಿಂದ ಏಳು ಲಕ್ಷದ ಭಾರ ಕಡಿಮೆಯಾಯಿತು ನೋಡಿ. ಅದಕ್ಕೇ ಬಾಡಿಗೆ ಇರುವವರು ಅದನ್ನು ಚಿಲ್ಲರೆ ಅಂತ ಬಿಡಬೇಡಿ.

ಈ ಉಳಿತಾಯ ಆರು ತಿಂಗಳು ನಿಮ್ಮ, ನಿಮ್ಮ ಸಂಗಾತಿಯ, ಅಥವಾ ಇಬ್ಬರ ಜಂಟಿ ಹೆಸರಲ್ಲಿ ಇರಬೇಕು. ಆ ಆರು ತಿಂಗಳಲ್ಲಿ ಒಂದೇ ಒಂದು ದಿನ ಕೆಳಗಿಳಿದರೂ ಆ ಕೆಳಗಿನ ಮೊತ್ತವೇ ಲೆಕ್ಕ. ಅಪ್ಪನ ಜೊತೆಗಿನ ಜಂಟಿ ಖಾತೆಯನ್ನು ನಂಬಿಕೊಳ್ಳಬೇಡಿ, ಸ್ವಂತ ಖಾತೆಗೆ ಹಾಕಿ ಆರು ತಿಂಗಳು ಎಣಿಸಿ. ಹಣವನ್ನು ಬ್ರಿಟನ್ನಿಗೆ ಕಳಿಸಬೇಕಾಗಿಲ್ಲ, ಇಲ್ಲಿನ ಬ್ಯಾಂಕಿನಲ್ಲೇ ಇರಲಿ.

ಎಫ್‌ಡಿ ಇದೆ, ಪಿಪಿಎಫ್ ಇದೆ, ಚಿನ್ನ ಇದೆ, ಒಂದು ಸೈಟೂ ಇದೆ. ಯಾವುದು ನಡೆಯುತ್ತೆ?

ಎಫ್‌ಡಿ ನಡೆಯುತ್ತದೆ, ಬೇಕೆಂದಾಗ ಮುರಿಸಲು ಬಂದರೆ. ಮುರಿಸಿದರೆ ಬಡ್ಡಿ ಕಡಿಮೆಯಾಗುತ್ತದೆ ಅನ್ನುವುದು ತೊಂದರೆಯಲ್ಲ. ಆದರೆ ತೆರಿಗೆ ಉಳಿಸಲು ಮಾಡಿದ ಐದು ವರ್ಷದ ಎಫ್‌ಡಿಯನ್ನು ಮಧ್ಯೆ ಮುರಿಸಲು ಬರುವುದಿಲ್ಲ, ಹಾಗಾಗಿ ಅದು ಬೇಡ. ಪಿಪಿಎಫ್ 15 ವರ್ಷಕ್ಕೆ ಸಿಕ್ಕಿಕೊಂಡಿರುವ ಹಣ, ಅದೂ ಬೇಡ. ಚಿನ್ನ ಬರುವುದಿಲ್ಲ. ಸೈಟು ಸೈಟಾಗಿ ಇರುವವರೆಗೆ ಬರುವುದಿಲ್ಲ. ಚೀಟಿಯ ದುಡ್ಡು ಎತ್ತಿ ಬ್ಯಾಂಕಿಗೆ ಬಂದಮೇಲೆ ಮಾತ್ರ. ಪತ್ತಿನ ಸಹಕಾರ ಸಂಘದ ಠೇವಣಿಗಳ ಬಗ್ಗೆಯೂ ಎಚ್ಚರ: ಇವು ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿಲ್ಲ, ಅವರು ಕೇಳುವುದು ನಿಯಂತ್ರಣದಲ್ಲಿರುವ ಹಣಕಾಸು ಸಂಸ್ಥೆ. ಬ್ಯಾಂಕಿಗೆ ಬದಲಾಯಿಸಿ.

ಷೇರು, ಮ್ಯೂಚುವಲ್ ಫಂಡ್ ಇರುವವರಿಗೆ ಒಂದು ಅನುಕೂಲ ಇದೆ. ಅರ್ಜಿಗೆ ಮುಂಚೆ ಮಾರಿ ನಗದು ಮಾಡಿದರೆ, ಅವು ಷೇರಾಗಿ ನಿಮ್ಮ ಹೆಸರಲ್ಲಿದ್ದ ತಿಂಗಳುಗಳನ್ನೂ ಆರು ತಿಂಗಳ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಅಪ್ಪ ಸೈಟ್ ಮಾರಿ ನನಗೆ ದುಡ್ಡು ಕೊಡ್ತಾರೆ. ಆಗಲೂ ಆರು ತಿಂಗಳು ಕಾಯ್ಬೇಕಾ?

ಸೈಟು ಅಪ್ಪನ ಹೆಸರಲ್ಲಿದ್ದರೆ ಕಾಯಬೇಕು. ಹಣ ನಿಮ್ಮ ಖಾತೆಗೆ ಬಂದ ದಿನದಿಂದ ಆರು ತಿಂಗಳು. ಉಡುಗೊರೆ ಒಪ್ಪುತ್ತಾರೆ, ಸಾಲ ಒಪ್ಪುವುದಿಲ್ಲ. ಇದು ಉಡುಗೊರೆ, ವಾಪಸ್ ಕೊಡಬೇಕಾಗಿಲ್ಲ ಅಂತ ಅಪ್ಪ ಬರೆದುಕೊಟ್ಟ ಪತ್ರ, ಅಪ್ಪನ ಖಾತೆಗೆ ಆ ಹಣ ಎಲ್ಲಿಂದ ಬಂತು ಅನ್ನುವ ಕಾಗದ, ಎರಡೂ ಇಡಿ. ಹಣ ಎಲ್ಲಿಂದ ಬಂತು ಅಂತ ನೀವೂ ಒಂದು ಘೋಷಣೆ ಬರೆದು ಸಹಿ ಹಾಕಬೇಕು.

ಸೈಟು ನಿಮ್ಮದೇ ಹೆಸರಲ್ಲಿ ಇದ್ದು, ಆರು ತಿಂಗಳಿಗೂ ಮುಂಚಿನಿಂದ ನಿಮ್ಮದಾಗಿದ್ದರೆ ವಿಷಯ ಬೇರೆ. ಮಾರಿದ ಹಣ ಬ್ಯಾಂಕಿಗೆ ಬಂದ ಕೂಡಲೇ ಲೆಕ್ಕಕ್ಕೆ ಬರುತ್ತದೆ. ಆದರೆ ಕ್ರಯಪತ್ರದಲ್ಲಿ ಬರೆದು ಬ್ಯಾಂಕಿನ ಮೂಲಕ ಬಂದ ಮೊತ್ತ ಮಾತ್ರ. ಅರ್ಧ ಬಿಳಿ ಅರ್ಧ ಕಪ್ಪು ಅಂತ ಮಾರಿದರೆ ಆ ಕಪ್ಪು ಅರ್ಧ ಇಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ, ಮೇಲಾಗಿ ಅದನ್ನು ಖಾತೆಗೆ ಹಾಕಲು ಹೋಗಿ ಇನ್ನೊಂದು ತೊಂದರೆ ತಂದುಕೊಳ್ಳುತ್ತೀರಿ.

ಮನೆ ಬಾಡಿಗೆಗೆ ಏನೇನು ತೋರಿಸ್ಬೇಕು? ಹತ್ತು ತಿಂಗಳ ಅಡ್ವಾನ್ಸೂ ಸೇರುತ್ತಾ?

ಅಡ್ವಾನ್ಸ್ ಸೇರುವುದಿಲ್ಲ, ಅದು ಬಾಡಿಗೆದಾರರ ಹಣ, ವಾಪಸ್ ಕೊಡಬೇಕಾದ್ದು. ಭೋಗ್ಯಕ್ಕೆ ಕೊಟ್ಟ ಮನೆಯೂ ಹಾಗೆಯೇ. ಹದಿನೈದು ಲಕ್ಷ ತೆಗೆದುಕೊಂಡು ಮೂರು ವರ್ಷಕ್ಕೆ ಮನೆ ಕೊಟ್ಟಿದ್ದರೆ ಆ ಮನೆಯಿಂದ ನಿಮಗೆ ಬಾಡಿಗೆಯೇ ಇಲ್ಲ ಅಂತ ಅರ್ಥ.

ಬಾಡಿಗೆಗೆ ಬೇಕಾದ್ದು: ಮನೆ ನಿಮ್ಮದು ಅನ್ನುವ ಕ್ರಯಪತ್ರ, ಬಾಡಿಗೆ ಕರಾರು, ಬಾಡಿಗೆ ಬಂದು ಬಿದ್ದಿದ್ದು ಕಾಣುವ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮಲ್ಲಿ ಕರಾರು 11 ತಿಂಗಳಿಗೆ ಮಾಡುತ್ತೇವಲ್ಲ, ಹಾಗಾಗಿ 12 ತಿಂಗಳು ತುಂಬಲು ಹಳೆಯ ಕರಾರು, ಹೊಸ ಕರಾರು ಎರಡನ್ನೂ ಇಡಿ. ಪ್ರತಿ ತಿಂಗಳು ಐದನೇ ತಾರೀಖು ಬಂದು ನಗದು ಕೊಟ್ಟುಹೋಗುವ ಬಾಡಿಗೆದಾರರಿಗೆ ಇವತ್ತೇ ಯುಪಿಐಗೆ ಬದಲಾಯಿಸಲು ಹೇಳಿ. ಇವತ್ತು ಬದಲಾಯಿಸಿದರೂ ಪೂರ್ತಿ ಬಾಡಿಗೆ ಲೆಕ್ಕಕ್ಕೆ ಬರಲು ಒಂದು ವರ್ಷ ಬೇಕು.

ಅಣ್ಣ ತಮ್ಮಂದಿರ ಜೊತೆ ಜಂಟಿಯಾಗಿರುವ ಮನೆಯಾದರೆ ನಿಮ್ಮ ಪಾಲಿನ ಬಾಡಿಗೆ ಮಾತ್ರ. ನೀವು ವಾಸ ಮಾಡುವ ಮನೆಯಲ್ಲೇ ಒಂದು ರೂಮನ್ನು ಪೇಯಿಂಗ್ ಗೆಸ್ಟ್‌ಗೆ ಕೊಟ್ಟಿದ್ದರೆ ಅದು ಬರುವುದಿಲ್ಲ. ಮನೆಯ ಮೇಲಿನ ಸಾಲದ ಕಂತನ್ನು ಬಾಡಿಗೆಯಿಂದ ಕಳೆಯುವುದಿಲ್ಲ, ಅದೊಂದು ಸಮಾಧಾನ.

ರೂಪಾಯಿನ ಯಾವ ದಿನದ ರೇಟಲ್ಲಿ ಪೌಂಡ್ ಮಾಡ್ತಾರೆ?

ಅರ್ಜಿ ಹಾಕಿದ ದಿನ ಓಆಂಡಾ ಜಾಲತಾಣದಲ್ಲಿರುವ ದರದಲ್ಲಿ. ಬ್ಯಾಂಕಿನ ಬೋರ್ಡಿನ ದರವಲ್ಲ. ಆರು ತಿಂಗಳು ಕಾಯುವಷ್ಟರಲ್ಲಿ ರೂಪಾಯಿ ಇಳಿದರೆ ನಿಮ್ಮ ಹಣ ಹಾಗೆಯೇ ಇದ್ದರೂ ಪೌಂಡಿನಲ್ಲಿ ಕಡಿಮೆಯಾಗಿರುತ್ತದೆ. ಬೇಕಾದ್ದಕ್ಕಿಂತ ನೂರಕ್ಕೆ ಹತ್ತರಷ್ಟು ಜಾಸ್ತಿ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ನೆಟ್‌ಬ್ಯಾಂಕಿಂಗ್‌ನಿಂದ ಪ್ರಿಂಟ್ ತೆಗೆದ ಸ್ಟೇಟ್‌ಮೆಂಟ್ ಸಾಕಾ?

ಸುಮ್ನೆ ಪ್ರಿಂಟ್ ತೆಗೆದದ್ದು ಸಾಲದು. ಪ್ರತಿ ಪುಟಕ್ಕೂ ಬ್ಯಾಂಕಿನ ಸೀಲು ಬೇಕು, ಇಲ್ಲವೇ ಇದು ನಮ್ಮದೇ ಸ್ಟೇಟ್‌ಮೆಂಟ್ ಅಂತ ಬ್ಯಾಂಕಿನವರು ಲೆಟರ್‌ಹೆಡ್‌ನಲ್ಲಿ ಕೊಟ್ಟ ಪತ್ರ ಬೇಕು. ತಂಗಿಯ ಕಾಗದಕ್ಕೆ ನಾನು ನಾಲ್ಕು ಸಲ ಒಂದು ಶಾಖೆಗೆ ಅಲೆದೆ. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಮಾತ್ರ ಸೀಲು ಹಾಕುತ್ತೇವೆ ಅಂದರು. ಮೂರನೇ ಸಲ ಮ್ಯಾನೇಜರ್ ರಜೆ. ಕೊನೆಗೆ ನಿಯಮದ ಆ ಸಾಲನ್ನೇ ಪ್ರಿಂಟ್ ಮಾಡಿ ತೆಗೆದುಕೊಂಡು ಹೋದೆ, ಅದನ್ನು ಓದಿದ ಮೇಲೆ ಕೂತು ಮೂವತ್ತಾರು ಪುಟಕ್ಕೂ ಹಾಕಿಕೊಟ್ಟರು. ಅಷ್ಟರಲ್ಲಿ ಕಂಪನಿಯ ಪತ್ರಕ್ಕೆ 28 ದಿನ ಮುಗಿದು, ಲೆಸ್ಟರ್‌ನಿಂದ ಹೊಸದು ತರಿಸಬೇಕಾಯಿತು. ಹಾಗಾಗಿ ನೀವು ಮೊದಲ ಸಲವೇ ಆ ಸಾಲನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಕ್ರಯಪತ್ರ, ಕರಾರು ಎಲ್ಲ ಕನ್ನಡದಲ್ಲಿದೆ. ಏನು ಮಾಡೋದು?

ಪೂರ್ತಿ ಇಂಗ್ಲಿಷಿಗೆ ಅನುವಾದ ಮಾಡಿಸಿ, ಮೂಲದ ಪ್ರತಿಯ ಜೊತೆ ಇಡಿ. ಅನುವಾದಕರು ಇದು ಸರಿಯಾದ ಅನುವಾದ ಅಂತ ಬರೆದು ಹೆಸರು, ಸಹಿ, ತಾರೀಖು, ಸಂಪರ್ಕದ ವಿವರ ಹಾಕಬೇಕು. ಹಳೆಯ ಕ್ರಯಪತ್ರದಲ್ಲಿ ಹೆಸರು ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇರುವುದು ನಮ್ಮಲ್ಲಿ ಮಾಮೂಲಿ. ಇನಿಷಿಯಲ್ ಬಿಡಿಸಿ ಬರೆದ ಹೆಸರಿಗೂ ಇನಿಷಿಯಲ್ ಹೆಸರಿಗೂ ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ ಮಾಡಿಸಿ ಇಟ್ಟರೆ ನೋಡುವವರಿಗೆ ಗೊಂದಲ ಇರುವುದಿಲ್ಲ.

## ಸ್ವಲ್ಪ ಗೋಜಲಿನವು

ನಮ್ಮೆಜಮಾನ್ರು ಬ್ರಿಟಿಷ್ ಪ್ರಜೆ, ಆದ್ರೆ ನಾವಿಬ್ಬರೂ ಬೆಂಗಳೂರಲ್ಲೇ ಇದ್ದೀವಿ. ಈಗ ಒಟ್ಟಿಗೆ ಅವರೂರಿಗೆ ಹೋಗ್ಬೇಕು.

ಇದರಲ್ಲಿ ಎರಡು ಕಡೆಯೂ ತೋರಿಸಬೇಕು. ಅವರ ಇಲ್ಲಿನ ಸಂಬಳ 29,000 ಪೌಂಡಿಗೆ ಸಮ ಆಗಿರಬೇಕು, ಅಂದರೆ ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ. ಜೊತೆಗೆ ಬ್ರಿಟನ್ನಿನಲ್ಲಿ ಅಷ್ಟೇ ಸಂಬಳದ ಕೆಲಸ ಸಿಕ್ಕಿರುವ ಪತ್ರ, ವಾಪಸ್ ಹೋದ ಮೂರು ತಿಂಗಳೊಳಗೆ ಆ ಕೆಲಸ ಶುರುವಾಗಬೇಕು. ಅಲ್ಲಿ ಕೆಲಸ ಸಿಕ್ಕಿದೆ, ಇಲ್ಲಿ ಸಂಬಳ ಕಡಿಮೆ ಅನ್ನುವವರು ಈ ದಾರಿಯಲ್ಲಿ ಪಾಸಾಗುವುದಿಲ್ಲ. ಆಗ ಅವರು ಮುಂಚೆ ಹೋಗಿ ಆರು ತಿಂಗಳು ದುಡಿಯಬೇಕು, ಇಲ್ಲವೇ ಉಳಿತಾಯದ ದಾರಿ ಹಿಡಿಯಬೇಕು. ಮಕ್ಕಳಿರುವ ಮನೆಗೆ ಆ ಆರು ತಿಂಗಳು ಎಷ್ಟು ಉದ್ದ ಅಂತ ನಾನು ನೋಡಿದ್ದೇನೆ. ಶಾಲೆಯ ವರ್ಷ ನೋಡಿಕೊಂಡು ಯೋಚಿಸಿ.

ಒಬ್ಬ ಏಜೆಂಟ್ 'ಆರು ತಿಂಗಳ ಬ್ಯಾಲೆನ್ಸ್ ನಾನು ತೋರಿಸಿ ಕೊಡ್ತೀನಿ' ಅಂತಾನೆ. ಒಪ್ಕೊಳ್ಳೋಣ್ವಾ?

ದಯವಿಟ್ಟು ಬೇಡ. ಆ ಬಾಗಿಲಿನ ಹತ್ತಿರವೂ ಹೋಗಬೇಡಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರವಾಗುವುದರ ಜೊತೆಗೆ ಹತ್ತು ವರ್ಷ ವೀಸಾ ಕೊಡದಿರಬಹುದು. ಅವರು ಬ್ಯಾಂಕಿಗೆ, ಕಂಪನಿಗೆ ಫೋನ್ ಮಾಡಿ ಕೇಳುತ್ತಾರೆ. ಬಡ್ಡಿಗೆ ತಂದು ಖಾತೆಯಲ್ಲಿ ಇಡುವುದೂ ಸಾಲವೇ. ಹಣ ಕಡಿಮೆ ಇದ್ದರೆ ಒಂದು ವರ್ಷ ತಡವಾಗುತ್ತದೆ, ಅಷ್ಟೇ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಗಂಡ ಹೆಂಡತಿ ಒಂದು ಕಡೆ ಇರುವ ದಾರಿಯೇ ಮುಚ್ಚಿಹೋಗುತ್ತದೆ.

ಏನು ಮಾಡಿದ್ರೂ 29,000 ಆಗಲ್ಲ, ಚಿಕ್ಕ ಮಗು ಬೇರೆ ಇದೆ. ಬೇರೆ ದಾರಿನೇ ಇಲ್ವಾ?

ಎರಡು ದಾರಿ ಇವೆ. ಅಲ್ಲಿರುವ ಸಂಗಾತಿಗೆ ಅಂಗವೈಕಲ್ಯದ ಭತ್ಯೆಯಾದ ಪಿಐಪಿ, ಅಥವಾ ಮನೆಯವರ ಆರೈಕೆ ಮಾಡುವುದಕ್ಕೆ ಕೇರರ್ಸ್ ಅಲೋಯನ್ಸ್ ಥರದ ಕೆಲವು ಭತ್ಯೆ ಬರುತ್ತಿದ್ದರೆ 29,000ದ ನಿಯಮವೇ ಅನ್ವಯಿಸುವುದಿಲ್ಲ. ಮನೆ ಬಾಡಿಗೆ ಕಳೆದು ಬದುಕಲು ಸಾಕಾಗುವಷ್ಟು ಉಳಿಯುತ್ತದಾ ಅಂತ ಮಾತ್ರ ನೋಡುತ್ತಾರೆ.

ಎರಡನೆಯದು ವಿಶೇಷ ಸಂದರ್ಭದ ದಾರಿ. ಎಂಎಂ ಲೆಬನಾನ್ ಅಂತ ಹೆಸರಾದ ಕೇಸಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2017ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಕನಿಷ್ಠ ಆದಾಯದ ನಿಯಮ ಇಡುವುದು ತಪ್ಪಲ್ಲ, ಆದರೆ ಮಕ್ಕಳ ಹಿತವನ್ನೂ ಬೇರೆ ಮೂಲದ ಹಣವನ್ನೂ ಸರಿಯಾಗಿ ನೋಡುತ್ತಿಲ್ಲ ಅಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಿಯಮ ತಿದ್ದಿದರು. ವೀಸಾ ಕೊಡದಿದ್ದರೆ ಈ ಕುಟುಂಬಕ್ಕೆ, ಮಗುವಿಗೆ ಅನ್ಯಾಯ ಅನ್ನುವಷ್ಟು ಕಷ್ಟ ಆಗುತ್ತದೆ ಅಂತ ತೋರಿಸಿದರೆ ತಂದೆ ತಾಯಿಯ ಸಹಾಯವನ್ನೂ, ಸಂಗಾತಿಯ ಮುಂದಿನ ದುಡಿಮೆಯನ್ನೂ ಪರಿಗಣಿಸಬಹುದು. ಹೀಗೆ ಸಿಕ್ಕ ವೀಸಾದಲ್ಲಿ ಕಾಯಂ ನೆಲೆಗೆ ಐದು ವರ್ಷದ ಬದಲು ಹತ್ತು ವರ್ಷ ಹಿಡಿಯುತ್ತದೆ. ಇದನ್ನು ವಕೀಲರಿಲ್ಲದೆ ಮಾಡಬೇಡಿ.

ರಿಜೆಕ್ಟ್ ಆಯ್ತು. ಮತ್ತೆ ಹಾಕೋದಾ, ಅಪೀಲಾ?

ಪತ್ರವನ್ನು ಎರಡು ಸಲ ಓದಿ. ಕಾಗದ ಒಂದು ಕಡಿಮೆಯಾಗಿ, ಅಥವಾ ತಿಂಗಳು ಕಡಿಮೆಯಾಗಿ ಆಗಿದ್ದರೆ ಸರಿಮಾಡಿ ಹೊಸದಾಗಿ ಹಾಕುವುದೇ ಬೇಗ. ನಿಮ್ಮ ಕಾಗದ ಸರಿಯಿತ್ತು, ಅವರೇ ತಪ್ಪು ಓದಿದರು ಅನ್ನುವುದಾದರೆ ಅಪೀಲು ಮಾಡಬಹುದು, ಹೊರದೇಶದಲ್ಲಿರುವವರಿಗೆ ಅದಕ್ಕೆ 28 ದಿನ. ಆರೋಗ್ಯ ಸರ್‌ಚಾರ್ಜ್ ವಾಪಸ್ ಬರುತ್ತದೆ, ಅರ್ಜಿಯ ಶುಲ್ಕ ಬರುವುದಿಲ್ಲ.

ವೀಸಾ ಸಿಕ್ತು, ಹೋದ್ವಿ. ಇನ್ನು ಈ ದುಡ್ಡಿನ ಲೆಕ್ಕ ಮುಗೀತಲ್ವಾ?

ಇನ್ನೂ ಎರಡು ಸಲ ಇದೆ. 33 ತಿಂಗಳು ಮುಗಿಯುವ ಮುಂಚೆ ವಿಸ್ತರಣೆಗೆ ಒಂದು ಸಲ, ಐದು ವರ್ಷ ತುಂಬಿದಾಗ ಕಾಯಂ ನೆಲೆಗೆ ಇನ್ನೊಂದು ಸಲ. 2024ರ ಏಪ್ರಿಲ್ 11ಕ್ಕೆ ಮುಂಚೆ ಅರ್ಜಿ ಹಾಕಿ ಹೋದವರಿಗೆ, ಸಂಗಾತಿ ಅದೇ ಆಗಿದ್ದರೆ, ಹಳೆಯ 18,600ರ ಲೆಕ್ಕವೇ ಮುಂದುವರಿಯುತ್ತದೆ. ಕಾಯಂ ನೆಲೆಯ ಅರ್ಜಿಯಲ್ಲಿ ಉಳಿತಾಯದ ಸೂತ್ರವೂ ಹಗುರ, ಕೊರತೆಯನ್ನು ಎರಡೂವರೆಯಿಂದ ಗುಣಿಸುವುದಿಲ್ಲ, ಹಾಗೆಯೇ 16,000ಕ್ಕೆ ಕೂಡಿಸುತ್ತಾರೆ.

ವಿಸ್ತರಣೆಯಿಂದ ದೊಡ್ಡ ಬದಲಾವಣೆ ಏನೆಂದರೆ ಅಲ್ಲಿ ನೀವು ದುಡಿದ ಸಂಬಳವೂ ಸೇರುತ್ತದೆ. ಇಬ್ಬರದೂ ಸೇರಿ 29,000 ಆದರೆ ಸಾಕು. ನನ್ನ ತಂಗಿ ಹೋದ ಮೂರನೇ ತಿಂಗಳಿಗೆ ಒಂದು ಶಾಲೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ಪೇಸ್ಲಿಪ್ಪಿನ ಫೋಟೋ ಕಳಿಸಿದಾಗ ನಾನು ಅವಳಿಗೆ ಹೇಳಿದ್ದು, ಅದನ್ನು ಒಂದು ಫೈಲಿಗೆ ಹಾಕು, ಇವತ್ತಿನಿಂದಲೇ.